ತುಱು ಮಗುೞ್ಚಿ

ಜಾಗದ ಹೆಸರು ಹೇಳುವುದಿಲ್ಲ. ಹೇಳಿದರೆ
ಯಾರಾದರೂ ಕ್ರೇನು ತಂದು ಎತ್ತಿಕೊಂಡು ಹೋಗುತ್ತಾರೆ,
ಬಂಗಲೆಯ ಮುಂದೆ ನಿಲ್ಲಿಸಿ ಲೈಟು ಬಿಡುತ್ತಾರೆ.
ಇಷ್ಟು ಸಾಕು: ಮಾರತಹಳ್ಳಿ ದಾಟಿ ಇನ್ನೊಂದು ಬಸ್ಸು,
ಕೆರೆ ಇತ್ತು ಅನ್ನುವ ಕಡೆ ಈಗ ಟ್ರಾನ್ಸ್‌ಫಾರ್ಮರು,
ಅದರ ಬೆನ್ನಿಗೆ, ಮೊಣಕಾಲವರೆಗೆ ಹೂತು ನಿಂತ ಕಲ್ಲು.

ಭಾನುವಾರ, ಬೆಳಿಗ್ಗೆ ಏಳು ಗಂಟೆ, ನಾವು ಆರು ಜನ.
ಮುಂದೆ ಅಂಬುಜಾಕ್ಷಮ್ಮ, ಚಿಕ್ಕಪೇಟೆಯ ಪ್ರೆಸ್ಸಿನಲ್ಲಿ
ಮೂವತ್ತೊಂದು ವರ್ಷ ಕರಡು ತಿದ್ದಿದವರು.
ಪಾಠ ಹೇಳುವುದಿಲ್ಲ. ಕೇಳಿದರೆ ‘ನೀವೇ ನೋಡಿ’,
ನೋಡಿದೆವು ಅಂದರೆ ‘ಇನ್ನೊಂದು ಸಲ ನೋಡಿ’.

ನಾನು ಕಲಾಸಿಪಾಳ್ಯದಲ್ಲಿ ಬಣ್ಣದ ಅಂಗಡಿ ಇಟ್ಟವನು,
ಸಮಾಜ ವಿಜ್ಞಾನದಲ್ಲಿ ಮೂವತ್ತೈದು, ಅದೂ ಗ್ರೇಸು.
ಕಲ್ಲಿನ ಎದೆ ಮೇಲೆ ಯಾರೋ ಬರೆದಿದ್ದರು
ಬೋರ್‌ವೆಲ್, ಕೆಳಗೊಂದು ಫೋನ್ ನಂಬರು.
‘ಎನಾಮಲ್, ಒಂದೇ ಕೋಟು, ಮೂರು ಮಳೆಗಾಲ ಕಂಡಿದೆ’ ಅಂದೆ.
‘ನೋಡಿ, ಕಾಲನಿರ್ಣಯ ಆಗಿಹೋಯಿತು!’
ಅಮ್ಮ ನಕ್ಕರು. ಬದುಕಿನಲ್ಲಿ ಮೊದಲ ಸಲ
ಚರಿತ್ರೆಯಲ್ಲಿ ಪಾಸಾದೆ.

ಮೊದಲು ನೀರು, ಮೆತ್ತನೆ ಬ್ರಷ್ಷು. ಆಮೇಲೆ ಮೈದಾ ಹಿಟ್ಟು.
ಅಂಗೈ ಸವರಿದ ಕಡೆಯೆಲ್ಲ ಗೀರಿನೊಳಗೆ ಬಿಳಿ ನಿಂತು
ಕತ್ತಿ ಹಿಡಿದವನೊಬ್ಬ ಎದ್ದ, ಹಿಂದೆ ಮೂರು ಹಸು.
ಮೇಲಿನ ಪಟ್ಟಿಯಲ್ಲಿ ಅವನದೇ ಕಂಕುಳಿಗೆ ಕೈ ಕೊಟ್ಟು
ಇಬ್ಬರು ಹೆಂಗಸರು ಹಾರುತ್ತಿದ್ದರು.
‘ನಡುವಿನ ಹಸು ಗಬ್ಬ’ ಎಂದ ಹಾಲಿನ ಬೂತಿನ ಮುನಿಕೆಂಪಣ್ಣ,
‘ಹೊಟ್ಟೆ ನೋಡ್ರಿ. ಅದಕ್ಕೇ ಅವನು ಬಿಟ್ಟುಕೊಟ್ಟಿಲ್ಲ.’
ಇದು ಯಾವ ಪುಸ್ತಕದಲ್ಲೂ ಇಲ್ಲ ಎಂದರು ಅಮ್ಮ,
ಚೀಟಿಯಲ್ಲಿ ಬರೆದುಕೊಂಡರು.

ಹೆಸರಿದ್ದ ಜಾಗದಲ್ಲಿ ಕಲ್ಲು ಚಕ್ಕೆ ಎದ್ದಿತ್ತು.
ಉಳಿದದ್ದು ಮೂರೇ ಮಾತು:
ತುಱು ಮಗುೞ್ಚಿ ಸತ್ತಂ.

ನಡುವೆ ಕೂತಿದ್ದ ಆ ಅಕ್ಷರ ನಮಗೆ ಯಾರಿಗೂ ಸಿಗಲಿಲ್ಲ.
ನಾಲಿಗೆ ಮಡಿಸಿ, ಮೇಲಕ್ಕೊಯ್ದು, ಎಲ್ಲೂ ತಾಕಿಸದೆ ಬಿಡಿ ಎಂದರು.
ನನ್ನದು ಳ ಆಯಿತು. ಮುನಿಕೆಂಪಣ್ಣನದು ರ.
ಒಬ್ಬರಿಗೆ ಕೆಮ್ಮು ಬಂತು.
ಮೋರಿಕಟ್ಟೆ ಮೇಲೆ ಕೂತಿದ್ದಳು ಜ್ಞಾನಸುಂದರಿ,
ರಾತ್ರಿ ಪಾಳಿ ಮುಗಿಸಿ ಸೀದಾ ಬಂದ ನರ್ಸು, ಹಲಸೂರಿನವಳು,
ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು.
‘ಇದಾ ಮೇಡಂ?’ ಎಂದು ಆ ಹಣ್ಣಿನ ಹೆಸರನ್ನು
ಅವರಮ್ಮನ ತಮಿಳಿನಲ್ಲಿ ಹೇಳಿದಳು:
ವಾೞೈಪ್ಪೞಂ.
ಒಂದಲ್ಲ, ಎರಡು ಸಲ ಬಂದುಹೋಯಿತು ಅಕ್ಷರ,
ತುಂಬಿದ ಬಾಯಲ್ಲಿ.

ಅಂಬುಜಾಕ್ಷಮ್ಮ ಕನ್ನಡಕ ತೆಗೆದು ಸೆರಗಿಗೆ ಒರೆಸಿದರು.
‘ಎಷ್ಟು ಶತಮಾನದ ಕರಡಲ್ಲಿ ಬಿಟ್ಟುಹೋಗಿತ್ತೇ ಇದು,
ನಿನ್ನ ಹತ್ತಿರ ಇತ್ತಾ.’

ಮೊದಲ ಭಾನುವಾರ ಅವಳ ಹೆಸರು ಕೇಳಿ
‘ಕನ್ನಡ ಓದೋಕೆ ಬರುತ್ತೇನಮ್ಮ’ ಎಂದವನು ನಾನು.
ಯಾರಿಗೂ ನೆನಪಿಲ್ಲ.
ಅವಳಿಗೆ ಇರಬಹುದು.

ಟೀ ಅಂಗಡಿಯಲ್ಲಿ ವಾದ ಶುರುವಾಯಿತು.
ಮಗುೞ್ಚು ಎಂದರೆ ಹಿಂದಕ್ಕೆ ತಿರುಗಿಸುವುದು,
ಕಳ್ಳರು ಅಟ್ಟಿಕೊಂಡು ಹೋದ ದನವನ್ನು.
‘ನಮ್ಮ ಮನೇಲಿ ಮಗಿೞ್ ಅಂದ್ರೆ ಖುಷಿಪಡೋದು’ ಎಂದಳು ಅವಳು.
ಬೇರೆ ಪದ ಇರಬೇಕು, ಇಲ್ಲ, ಒಂದೇ ಬೇರು ಇರಬಹುದು,
ಹಾಗೆಲ್ಲ ಹೇಳಿಬಿಡಬಾರದು, ನಿಘಂಟು ನೋಡಬೇಕು...
ಎರಡನೇ ಸುತ್ತು ಟೀ ಬಂತು, ಒಂದು ಬನ್ನು ಆರು ತುಂಡಾಯಿತು.
ಮುನಿಕೆಂಪಣ್ಣ ಲೋಟ ಕೆಳಗಿಟ್ಟ:
‘ಹಸು ಮನೆ ಕಡೆ ತಿರುಗಿದ್ರೆ, ಎರಡೂ ಒಂದೇ ಅಲ್ವಾ.’

ಹಿಟ್ಟು ತೊಳೆಯಲು ಮರಳಿ ಹೋದಾಗ
ಕಟ್ಟಿರುವೆಗಳು ಬಂದಿದ್ದವು.
ಎಡದಿಂದ ಬಲಕ್ಕೆ, ಸಾಲು ತಪ್ಪದೆ,
ಚಕ್ಕೆ ಎದ್ದ ಹೆಸರಿನ ಹತ್ತಿರ ಮಾತ್ರ
ಸ್ವಲ್ಪ ತಡೆದು, ಸುತ್ತಿ ಬಳಸಿ.
ಅವು ಓದಿ ಮುಗಿಸುವವರೆಗೆ ನೀರು ಹಾಕಲಿಲ್ಲ.

ವಾಪಸು ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು
ನಾಲಿಗೆ ಮಡಿಸುತ್ತಾ ಬಂದೆ, ದೊಮ್ಮಲೂರಿನವರೆಗೂ.
ಕಂಡಕ್ಟರು ಟಿಕೇಟು ಹರಿದು ಕೊಟ್ಟು ಕೇಳಿದ:
‘ಏನ್ ಸಾರ್, ಹಲ್ಲುನೋವಾ?’